ಬಾಗಿಲ ಮೇಲಿನ ಫೋಟೋ

ಜಿಮ್ ಮಾಲೀಕರಿಗೆ,

ನಿಮ್ಮ ಬಾಗಿಲ ಮೇಲೆ ‘ನಮ್ಮ ಸಾಧನೆ’ ಎಂದು ತೂಗುಹಾಕಿರುವ ಫೋಟೋ ನನ್ನ ಮಗಳದು. ಅದನ್ನು ತೆಗೆಸಿಕೊಂಡ ಮರುದಿನವೇ ಅವಳು ಬಚ್ಚಲಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು. “ಊಟ ಬಿಡಮ್ಮಾ, ಬೊಜ್ಜು ತಾನೇ ನಿನ್ನ ಬಿಡುತ್ತೆ” ಎಂದವರು ನೀವು, ನಾನು ಮರೆತಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಭಾರ ಎತ್ತಿ ಎಂದು ನಾನು ಓದಿದ ಯಾವ ಪುಸ್ತಕವೂ ಹೇಳಿಲ್ಲ.

ಈಗ ಡಾಕ್ಟರ ಮಾತಿನಂತೆ ಹೊತ್ತಿಗೆ ಸರಿಯಾಗಿ ಕಾಳು, ತರಕಾರಿ ತಿನ್ನುತ್ತಾಳೆ, ಸಂಜೆ ನನ್ನ ಜೊತೆ ನಡೆಯುತ್ತಾಳೆ. ನಡುವೆ ಮರಳಿದ ಬೊಜ್ಜು ನಿಧಾನವಾದರೂ ಇಳಿಯುತ್ತಿದೆ, ತಲೆ ಸುತ್ತುವುದಿಲ್ಲ. ಆದರೆ ನಿನ್ನೆ ಆ ಫೋಟೋ ನೋಡಿ ಬಂದವಳು, “ಅಪ್ಪಾ, ಆಗಲೇ ಸಣ್ಣಗೆ ಚೆನ್ನಾಗಿದ್ದೆ ಅಲ್ವಾ?” ಎಂದು ತಟ್ಟೆ ಸರಿಸಿದಳು.

ನಾಳೆ ಸಂಜೆಯೊಳಗೆ ಅದನ್ನು ಇಳಿಸಿ. ಇಲ್ಲದಿದ್ದರೆ ನಾನೇ ಬರುತ್ತೇನೆ; ಮನೆಯಲ್ಲಿ ಏಣಿಯಿದೆ.

ನಮಸ್ಕಾರ ಹೇಳದೆ,
ಅವಳ ಅಪ್ಪ