ಎರಡು ಮೊಳೆ, ಒಂದು ಮಾರು

12-1-1998, ಮುಂಜಾನೆ 7

ಮಗ್ಗದ ಉದ್ದೆಳೆ, ಹಾಸು, ಎರಡು ಕಡೆ ಹರಿಯಿತು. ಗಂಟು ಹಾಕಿದೆ. ಕರೆಂಟ್ ಇಲ್ಲ. ಪಕ್ಕದ ಮನೆಯ ಪವರ್‌ಲೂಮ್ ಸುಮ್ಮನಿದೆ. ನನ್ನ ಕೈಮಗ್ಗಕ್ಕೆ ಕರೆಂಟ್ ಬೇಡ.

ಅಕ್ಕ ಚಹಾ ತಂದಿಟ್ಟು ನಿಂತಳು.

“ತಮ್ಮಾ, ಈ ಸೀರಿ ಪನ್ನಾ ಹೆಚ್ಚಾಗೈತಿ ನೋಡು. ಮುಂದ ನೆಲಾ ಬಳ್ಯಾಕತ್ತೈತಿ.”

“ಅಗಲ ನಲವತ್ತೆಂಟ ಇಂಚ, ಅಕ್ಕಾ. ಮೂವತ್ತ ವರ್ಷದಿಂದ ಅಷ್ಟ ಐತಿ.”

“ಹಂಗಾದ್ರ ನೆಲಾನ ಮ್ಯಾಲ ಬಂದೈತೇನು?”

ಟೇಪ್ ತಂದು ಸೀರೆ ಅಳೆದೆ. ನಲವತ್ತೆಂಟು. ಟೇಪ್ ಸುತ್ತುವಾಗ ಕೈ ನಿಂತಿತು. ಇದೇ ಮಾತು. ಇದೇ ಟೇಪ್.

ಅದೇ ದಿನ, ಮಧ್ಯಾಹ್ನ

ಕೆಲಸ ಸಾಗಲಿಲ್ಲ. ಬರೆದೇಬಿಡುತ್ತೇನೆ.

ಹೋದ ಯುಗಾದಿಗೆ ನನ್ನ ಹೆಂಡತಿ ಶಿವಗಂಗೆಯೂ ಅಂದಿದ್ದಳು — “ಪನ್ನಾ ಹೆಚ್ಚಾಗೈತ್ರಿ.” ನನಗೆ ಸಿಟ್ಟು ಬಂತು. ನನ್ನ ಮಗ್ಗಕ್ಕೆ ತಪ್ಪು ಹೊರಿಸುತ್ತಾಳೆಂದು. ಸೀರೆ ಹರಡಿ, ಟೇಪ್ ಇಟ್ಟು ತೋರಿಸಿದೆ. ನೆರಿಗೆ ಮೇಲಕ್ಕೆ ಸಿಗಿಸಿಕೊಂಡು ಒಳಗೆ ಹೋದಳು. ಮೂವತ್ತೊಂದು ವರ್ಷ ಹೆಂಡತಿಯಾಗಿ ಹಾಗೆಯೇ ಇದ್ದಳು.

ಎರಡು ತಿಂಗಳಿಗೆ ಹಿತ್ತಲಲ್ಲಿ ನೆರಿಗೆ ಕಾಲಿಗೆ ತೊಡರಿ ಬಿದ್ದಳು. ಎತ್ತರದಿಂದೇನೂ ಅಲ್ಲ, ನಿಂತಲ್ಲಿಂದಲೇ ಬಿದ್ದದ್ದು. ಅಷ್ಟಕ್ಕೇ ತೊಡೆಯ ಮೇಲಿನ ಕೀಲು ಮುರಿಯಿತು. ಮೂರು ತಿಂಗಳು ಹಾಸಿಗೆ. ಗಣಪತಿ ಹಬ್ಬದ ಹಿಂದಿನ ದಿನ ಹೋದಳು. ಅಂದಿನಿಂದ ಅಕ್ಕ ಅನಸವ್ವ ತೇರದಾಳದಿಂದ ಬಂದು ನನಗೆ ರೊಟ್ಟಿ ಬಡಿಯುತ್ತಿದ್ದಾಳೆ.

ಅಂದು ಟೇಪನ್ನು ಸೀರೆಗೆ ಹಿಡಿದೆ. ಅವಳಿಗೆ ಹಿಡಿಯಲಿಲ್ಲ.

15-1-1998

ಊರ ಡಾಕ್ಟರ ಕಡೆ ಅಕ್ಕನನ್ನು ಕರೆದೊಯ್ದೆ. ಬರಲೊಲ್ಲೆ ಎಂದಳು. “ಬಾಳೆ ಗೊನಿ ಭಾರಕ್ಕ ಬಾಗತೈತಿ, ನಾ ಮುಪ್ಪಿಗಿ ಬಾಗತೇನಿ. ಅದಕ್ಕೇನ್ ಔಷಧ?”

ಡಾಕ್ಟರ್ ಬೆನ್ನು ಮುಟ್ಟಿಯೂ ನೋಡಲಿಲ್ಲ. “ವಯಸ್ಸಾತು, ಎಲಬು ಸವದಾವು. ನೋವಿನ ಗುಳಿಗಿ ಬರದೇನಿ.”

“ಎಷ್ಟ ಸವದಾವು ಅಂತ ನೋಡೂ ಮಷೀನ ಇರತೈತೇನ್ರಿ?”

“ಐತಿ. ಮುಂಬೈದಾಗ. ಹೋಕ್ಕೀಯೇನು?”

ಹೊರಗೆ ಬಂದ ಮೇಲೆ ಅಕ್ಕ — “ಮುಂಬೈ ನೋಡಿಲ್ಲ ನಾ. ಹೋಗೂಣು ನಡಿ.” ನಗಿಸಲು ಅಂದಳು. ನಕ್ಕೆ. ಬಹಳ ದಿನಕ್ಕೆ.

3-2-1998

ಜಮಖಂಡಿಯಲ್ಲಿ ಕೇಳಿದೆ. ಎಕ್ಸ್‌ರೇ ಇದೆ, ಆ ಮಷೀನ್ ಇಲ್ಲ. ಮಹಾಲಿಂಗಪುರದಲ್ಲಿ ಒಬ್ಬರು ಎಣ್ಣೆ ಕೊಟ್ಟರು. ತಗೊಂಡು ಬಂದೆ. ಹಚ್ಚಲಿಲ್ಲ.

ಸಂಜೆ ನಮ್ಮ ಓಣಿಯ ಮೆಡಿಕಲ್ ಅಂಗಡಿಯ ಹಾಲಸಿದ್ದಪ್ಪ ಕರೆದ. ಔಷಧ ಕಂಪನಿಯವನು ಬಿಟ್ಟುಹೋದ ಒಂದು ಹಾಳೆ ತೋರಿಸಿದ. ಇಂಗ್ಲಿಷ್. ಅವನೇ ಓದಿದ. ಆಸ್ಟಿಯೋಪೊರೋಸಿಸ್ — ಎಲುಬು ಒಳಗೊಳಗೇ ಟೊಳ್ಳಾಗುವ ರೋಗ. ಮುಟ್ಟು ನಿಂತ ಹೆಂಗಸರಿಗೆ ಹೆಚ್ಚು. ಇಪ್ಪತ್ತೆರಡನೇ ತಾರೀಖಿಗೆ ಮುಧೋಳದಲ್ಲಿ ಕ್ಯಾಂಪ್, ಹಿಮ್ಮಡಿ ಇಟ್ಟು ನೋಡುವ ಮಷೀನ್ ಬರುತ್ತದಂತೆ.

ಹೆಸರನ್ನು ಗುಳಿಗೆಯ ಕಾಗದದ ಮೇಲೆ ಬರೆಸಿಕೊಂಡೆ. ಈ ಪುಸ್ತಕದಲ್ಲಿ ಅಂಟಿಸಿದೆ. ರೋಗಕ್ಕೆ ಹೆಸರಿದೆ. ಹಾಗಾದರೆ ಶಿವಗಂಗೆ ಸುಮ್ಮನೆ ಬಿದ್ದದ್ದಲ್ಲ.

22-2-1998, ರಾತ್ರಿ 8

ಮುಧೋಳಕ್ಕೆ ಹೋಗಿಬಂದೆವು. ಉದ್ದ ಪಾಳಿ. ಎಲ್ಲ ಹೆಂಗಸರೇ, ಗಂಡಸು ನಾನೊಬ್ಬ. ಅಕ್ಕನಿಗೆ ಅಷ್ಟರಲ್ಲೇ ಗೆಳತಿಯರಾದರು. ಒಬ್ಬೊಬ್ಬರ ನೆರಿಗೆ ನೋಡಿ ಕೇಳುತ್ತಿದ್ದಳು — “ನಿಂದೂ ನೆಲಾ ಬಳೀತೈತೇನವಾ?” ಲೋಕಾಪುರದ ಸಾತವ್ವ ಎಂಬಾಕೆ ಸೊಸೆಯನ್ನು ಬೈದಿದ್ದಳಂತೆ, ಸೀರೆ ಸರಿಯಾಗಿ ಆರಿಸಿ ತರಲಿಲ್ಲವೆಂದು.

ಅಕ್ಕನ ಹಿಮ್ಮಡಿಗೆ ಜೆಲ್ ಹಚ್ಚಿ ಮಷೀನಿನೊಳಗೆ ಇಟ್ಟರು. “ಏ, ತಣ್ಣಗೈತಿ!” ಎಂದು ಕೂಗಿದಳು. ಚೀಟಿ ಬಂತು. ಲೇಡಿ ಡಾಕ್ಟರ ಮುಖ ಸಣ್ಣದಾಯಿತು.

“ಮೊದಲ ಎಷ್ಟ ಎತ್ತರ ಇದ್ರಿ, ಅಮ್ಮಾ?”

“ಯಾರ ಅಳದಾರ್ರಿ ನನ್ನ? ಎಮ್ಮಿ ಅಳೀತಾರೇನು?”

ಡಾಕ್ಟರ್ ನನ್ನ ಕಡೆ ನೋಡಿದರು. ನನಗೂ ಗೊತ್ತಿಲ್ಲ. ಆಮೇಲೆ ಹೊಳೆಯಿತು. ಟೇಪ್ ಕಿಸೆಯಲ್ಲೇ ಇತ್ತು. ಅಕ್ಕನನ್ನು ಗೋಡೆಗೆ ನಿಲ್ಲಿಸಿ, ಎರಡೂ ಕೈ ಚಾಚಿಸಿದೆ. ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅವಳ ಒಂದು ಮಾರು. ಅರವತ್ತೊಂದು ಇಂಚು. ಆಮೇಲೆ ಎತ್ತರ ಅಳೆದೆ. ಐವತ್ತೇಳೂವರೆ.

“ಮೂರೂವರಿ ಇಂಚ ಹೋಗೈತ್ರಿ,” ಅಂದೆ.

“ನಿಮಗ್ಯಾರ ಹೇಳಿಕೊಟ್ರು ಇದನ್ನ?”

“ನಾವು ನೇಕಾರ್ರಿ. ಹುರಿ ಮಾರಿನ ಲೆಕ್ಕದಾಗ ಅಳೀತೇವಿ. ಮನಷ್ಯಾನ ಮಾರು, ಮನಷ್ಯಾನ ಎತ್ತರ ಒಂದ.”

ಪೂರ್ತಿ ಒಂದೇ ಇರುವುದಿಲ್ಲ, ಹತ್ತಿರ ಹತ್ತಿರ ಇರುತ್ತದೆ ಎಂದರು ಡಾಕ್ಟರ್. ಆದರೂ ಚೀಟಿಯ ಹಿಂದೆ ಬರೆದುಕೊಂಡರು. ಕೈಯ ಎಲುಬು ಕುಗ್ಗುವುದಿಲ್ಲ, ಬೆನ್ನಿನ ಮಣಿ ಕುಸಿಯುತ್ತವೆ. ಬೆನ್ನು ಮುಂದಕ್ಕೆ ಬಾಗಿದ್ದಕ್ಕೆ ಮುಂದಿನ ನೆರಿಗೆ ಇಳಿದಿದೆ. ಹಿಮ್ಮಡಿಯ ಮಷೀನ್ ಬರೀ ಸೂಚನೆ, ಬೆನ್ನಿನ ಎಕ್ಸ್‌ರೇ ತೆಗೆಸಿರಿ ಎಂದರು.

ಅಕ್ಕ ಬಸ್ಸಿನಲ್ಲಿ ಮಲಗಿದ್ದಾಳೆಂದುಕೊಂಡೆ. ಮಲಗಿರಲಿಲ್ಲ. “ಶಿವಗಂಗಾಂದೂ ಹಿಂಗ ಇತ್ತೇನೋ?” ಎಂದು ಕೇಳಿದಳು. ಕಿಟಕಿಯ ಆಚೆ ನೋಡಿದೆ.

23-2-1998

ಮಗ್ಗದ ಹಿಂದಿನ ಗೋಡೆಯಲ್ಲಿ ಎರಡು ಮೊಳೆ. ಹುರಿ ಅಳೆಯಲಿಕ್ಕೆ ಶಿವಗಂಗೆ ಹೊಡೆಸಿದ್ದು, ಮದುವೆಯಾದ ವರ್ಷ. ಕೈ ಚಾಚಿ ನಿಂತು, “ಇಲ್ಲೊಂದು, ಅಲ್ಲೊಂದು” ಎಂದಿದ್ದಳು. ಅಳೆದೆ. ಅರವತ್ತೆರಡು.

ಅಷ್ಟು ಎತ್ತರದವಳಿದ್ದಳು. ಕೊನೆಗೆ ಎಷ್ಟಿದ್ದಳು — ಯಾರ ಬಳಿಯೂ ಇಲ್ಲ ಆ ಲೆಕ್ಕ.

ಅವಳ ಮಾರು ಮೂವತ್ತು ವರ್ಷ ನನ್ನ ಬೆನ್ನ ಹಿಂದೆಯೇ ಇತ್ತು.

6-3-1998

ಜಮಖಂಡಿಯ ಎಕ್ಸ್‌ರೇ ತಗೊಂಡು ಅದೇ ಲೇಡಿ ಡಾಕ್ಟರ ಮುಧೋಳದ ದವಾಖಾನೆಗೆ ಹೋದೆವು. ಎರಡು ಮಣಿ ಕುಸಿದಿವೆ. ಇಷ್ಟು ಕಂಡ ಮೇಲೆ ಮುಂಬೈಗೆ ಹೋಗುವವರೆಗೆ ಕಾಯುವುದು ಬೇಡ, ಇಂದೇ ಶುರು ಮಾಡೋಣ ಎಂದರು. ಕ್ಯಾಲ್ಸಿಯಂ. ವಿಟಮಿನ್ ಡಿ. ಬಿಸಿಲಲ್ಲಿ ನಡಿಗೆ. ಕೊಡ ಎತ್ತಬಾರದು. ಸೀರೆ ನೆಲಕ್ಕೆ ತಾಗಬಾರದು. ಇನ್ನೊಂದು ಗುಳಿಗೆ — ದಿನಾ ಖಾಲಿ ಹೊಟ್ಟೆಗೆ, ತುಂಬಿದ ಗ್ಲಾಸು ನೀರಿನಲ್ಲಿ. ನುಂಗಿದ ಮೇಲೆ ಅರ್ಧ ತಾಸು ಮಲಗಬಾರದು, ಬಾಗಬಾರದು, ಚಹಾ ಸಹ ಇಲ್ಲ. ಇಲ್ಲದಿದ್ದರೆ ಅನ್ನನಾಳ ಸುಡುತ್ತದಂತೆ.

“ಚಾ ಇಲ್ಲದ ಅರ್ಧ ತಾಸ! ಅದಕ್ಕಿಂತ ಎಲಬು ಮುರಕೊಳ್ಳೂದು ಚಲೋ.”

ಅಂದ ಮೇಲೆ ನನ್ನ ಮುಖ ನೋಡಿದಳು. “ನುಂಗತೇನೋ. ಹಂಗ್ಯಾಕ ನೋಡ್ತಿ?”

ಗುಳಿಗೆ ನಮ್ಮೂರು ಬನಹಟ್ಟಿಯಲ್ಲಿ ಸಿಗುವುದಿಲ್ಲ. ಹಾಲಸಿದ್ದಪ್ಪ ಬೆಳಗಾವಿಯಿಂದ ಬಸ್ಸಿನವರ ಕೈಯಲ್ಲಿ ತರಿಸುತ್ತಾನೆ.

12-3-1998, ಮುಂಜಾನೆ 6.10

ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಪರೀಕ್ಷೆಗೆ ಕೂತ ಹುಡುಗಿಯಂತೆ. ನಾನೂ ಚಹಾ ಕುಡಿಯುವುದಿಲ್ಲ. ಎದುರಿಗೆ ಕೂತು ಬರೆಯುತ್ತೇನೆ.

“ಗಡಿಯಾರ ನಿಂತೈತೇನ ನೋಡು.”

“ನಡದೈತಿ.”

“ಕುಂಟಾಕತ್ತೈತಿ.”

20-4-1998

ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆಯ ಎರಡೂ ಅಂಚಿನಲ್ಲಿ ಎಳೆ ಬಿಟ್ಟು ಹಾಸು ಹೂಡಿದೆ. ಪನ್ನಾ ನಲವತ್ತನಾಲ್ಕು. ಮೂವತ್ತು ವರ್ಷದಲ್ಲಿ ಮೊದಲ ಸಲ. ನೇಕಾರ ಸಂಘದ ಗುರಪ್ಪ ಬಂದವನು ನೋಡಿ, “ಇದ್ಯಾವ ಗೊಂಬಿಗ್ಯೋ, ಗಿರಮಲ್ಲಪ್ಪ?” ಎಂದ.

“ಅಕ್ಕಗ.”

ಗುರಪ್ಪ ಹಾಸಿನ ಅಂಚು ಮುಟ್ಟಿ ನೋಡಿದ. ತನ್ನ ತಾಯಿಯ ಸೀರೆಯೂ ನೆಲ ಬಳಿಯುತ್ತದೆ ಎಂದ.

18-5-1998

ನಳದ ಹತ್ತಿರ ಅಕ್ಕನಿಗೆ ‘ಡಾಕ್ಟರ್ ಅನಸವ್ವ’ ಎಂದು ಹೆಸರು ಬಿದ್ದಿದೆ. ಮುಟ್ಟು ನಿಂತವರನ್ನೆಲ್ಲ ಮನೆಗೆ ಕರೆತಂದು ಕೈ ಚಾಚಿಸುತ್ತಾಳೆ. ಇಂದು ಗುರಪ್ಪನ ತಾಯಿ. ಮಾರು ಅರವತ್ತು, ಎತ್ತರ ಐವತ್ತಾರು. ನಾನು ಅಳೆಯುತ್ತೇನೆ. ಅಕ್ಕ ಮುಧೋಳದ ಬಸ್ ಟೈಮ್ ಹೇಳುತ್ತಾಳೆ. ಇದುವರೆಗೆ ನಾಲ್ವರು ಹೋಗಿಬಂದರು. ಇಬ್ಬರಿಗೆ ಗುಳಿಗೆ ಶುರುವಾಯಿತು. ಅವರೂ ಮುಂಜಾನೆ ನಮ್ಮ ಕಟ್ಟೆಗೇ ಬಂದು ಕೂಡುತ್ತಾರೆ. ಒಬ್ಬಳೇ ಕೂತರೆ ಹೊತ್ತು ಹೋಗುವುದಿಲ್ಲವಂತೆ.

9-6-1998

ಅಕ್ಕ ಬಿದ್ದಳು. ಮಳೆ ನೀರು, ಹಿತ್ತಲು. ಅದೇ ಜಾಗ. ಟೆಂಪೋ ಬಂತು —

11-6-1998

ಮುರಿದಿಲ್ಲ.

ಜಮಖಂಡಿಯಲ್ಲಿ ಎಕ್ಸ್‌ರೇ ತೆಗೆದರು. ಕೀಲು ಸರಿಯಿದೆ. ಮೊಣಕೈ ತರಚಿದೆ, ಅಷ್ಟೇ. ಮೂರು ತಿಂಗಳ ಗುಳಿಗೆಯಿಂದ ಎಂದೇನೂ ತಿಳಿಯಬೇಡಿ, ಹಿತ್ತಲಲ್ಲಿದ್ದ ಕಸ ನೂಲಿನ ಚೀಲದ ಮೇಲೆ ಬಿದ್ದಿದ್ದಾರೆ, ಪುಣ್ಯ ಎಂದರು ಡಾಕ್ಟರ್. ಗುಳಿಗೆ ಬಿಡಬೇಡಿ ಎಂದೂ ಹೇಳಿದರು.

ಟೆಂಪೋದಲ್ಲಿ ಅಕ್ಕ ನನ್ನ ಕೈ ಹಿಡಿದಿದ್ದಳು. “ತಮ್ಮಾ, ನೆರಿಗಿ ತೊಡರಲಿಲ್ಲೋ. ಜಾರಿ ಬಿದ್ದೆ. ನಿನ್ನ ಸೀರಿದೇನ ತಪ್ಪಿಲ್ಲ.”

ಎರಡು ಸಲ ಹೇಳಿದಳು. ಎರಡನೆಯ ಸಲ ಯಾವ ಸೀರೆಯ ಮಾತು ಎಂದು ತಿಳಿಯಿತು.

ಹಿತ್ತಲಿಗೆ ಫರಸಿ ಹಾಕಿಸಬೇಕು. ಒರಟು ಕಲ್ಲು.

6-3-1999, ಮುಂಜಾನೆ 6.15

ಔಷಧ ಶುರುವಾಗಿ ಇವತ್ತಿಗೆ ವರ್ಷ. ನಿನ್ನೆ ಅಕ್ಕನ ಎತ್ತರ ಅಳೆದೆ. ಐವತ್ತೇಳೂವರೆ. ಮತ್ತೆ ಅಳೆದೆ. ಅಷ್ಟೇ. ಕೂದಲೆಳೆಯಷ್ಟೂ ಇಳಿದಿಲ್ಲ.

ಕಟ್ಟೆಯ ಮೇಲಿನವರು ಇನ್ನೂ ಬಂದಿಲ್ಲ. ಅಕ್ಕ ಗುಳಿಗೆ ನುಂಗಿ ಗೋಡೆಗೆ ಕೂತಿದ್ದಾಳೆ. ತಲೆಯ ಮೇಲೆ ಆ ಎರಡು ಮೊಳೆ.

“ದಿನಾ ಏನ ಬರೀತಿಯೋ ಅದರಾಗ?”

“ಏನಿಲ್ಲ.”

“ನಾ ಅದರಾಗ ಅದೇನೇನು?”

“ಅದಿ.”

“ಶಿವಗಂಗಾ?”

ಹೌದೆಂದು ತಲೆಯಾಡಿಸಿದೆ.

“ಓದು ಮತ್ತ. ಸುಮ್ಮ ಕುಂದರೂದಾ ಐತಿ. ಇನ್ನ ಇಪ್ಪತ್ತ ಮಿನಿಟ ಐತಿ.”

ಇದನ್ನು ಯಾರಿಗೂ ಓದಿಲ್ಲ. ಅವಳು ಗಡಿಯಾರ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ. ಕೈ ಮಡಿಲಲ್ಲಿ, ಬೆನ್ನು ನೆಟ್ಟಗೆ. ಮೊದಲ ಪುಟದಿಂದ ಓದುತ್ತೇನೆ, ಟೇಪ್ ತಂದಲ್ಲಿಂದ. ಆ ಯುಗಾದಿಯ ಮಾತು ಬಂದಾಗ ನಿಂತರೆ, ಅಕ್ಕನೇ “ಮುಂದ ಓದು” ಅಂತಾಳೆ.