ತಂದೆಯ ಉದ್ಯೋಗ

ನವನಗರ, ಬಾಗಲಕೋಟೆ
೧೧ ಜನವರಿ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೆಂಗದಿ? ಅವ್ವ ಹೆಂಗದಾಳ? ಈ ಥಂಡಿಗೆ ಆಯಿ ಮೊಣಕಾಲು ಮತ್ತ ಹಿಡದಾವೇನು? ನಿನ್ನ ಕೆಮ್ಮು ಹೆಂಗೈತಿ ಅಂತ ಕೇಳೂದಿಲ್ಲ, ಕೇಳಿದ್ರ ನೀ ಏನ್ ಹೇಳ್ತಿ ಅಂತ ನನಗ ಗೊತ್ತೈತಿ. "ಆರಾಮ ಅದೀನ್ಯವ್ವಾ, ನೀ ಓದು." ಫೋನಿನ್ಯಾಗ ಅಷ್ಟು ಅಂದು ಫೋನ್ ದೂರ ಹಿಡಿತಿ, ಆಮ್ಯಾಲ ಅವ್ವನ ಕೈಯಾಗ ಕೊಡ್ತಿ. ಅಡಗಿ ಏನ್ ಮಾಡಿದ್ಲು ಅಂತ ಅವ್ವ ಹೇಳಾಕತ್ತಿದ್ರ, ಆಕಿ ದನಿ ಹಿಂದ ಪಡಸಾಲ್ಯಾಗ ನೀ ಕೆಮ್ಮೂದು ನನಗ ಕೇಳಸ್ತೈತಿ. ಅದಕ್ಕ ಈ ಸಲ ಫೋನ್ ಬ್ಯಾಡ ಅಂತ ಪತ್ರ ಬರಿಯಾಕ ಕುಂತೇನಿ, ವಸತಿ ಸಾಲ್ಯಾಗ ಇದ್ದಾಗ ತಿಂಗಳಿಗೊಂದು ಬರಿತಿದ್ನೆಲ್ಲ, ಹಂಗ. ಅವ್ವಗ, ಆಯಿಗೆ ಓದಿ ಹೇಳೂ ಮುಂದ ಮೊದಲನೇ ಹಾಳಿ ಅಷ್ಟ ಓದು. ಎರಡನೇದು ನಿನಗ.

ನಾ ಆರಾಮ ಅದೀನಿ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗಿದು ಹದಿನೈದು ದಿನ ಆತು. ಡಬ್ಬಿ ಇನ್ನೂ ತೊಳದಿಲ್ಲ, ವಾಸನಿ ಇರಲಿ ಅಂತ. ಇಕಿ ಆರನೇತ್ತಿಂದ ಹಾಸ್ಟೆಲಿನ್ಯಾಗ ಬೆಳದಾಕಿ, ಇಕಿಗೇನು ಹೊಸಾದು ಅಂತ ನೀವು ತಿಳದಿರಬೇಕು. ಹಂಗಲ್ಲಪ್ಪಾ. ಅಲ್ಲಿ ಎಲ್ಲಾರವೂ ಒಂದ ಥರದ ಟ್ರಂಕು, ಒಂದ ಥರದ ತಾಟು. ಇಲ್ಲಿ ಮೆಡಿಕಲ್ ಕಾಲೇಜಿನ್ಯಾಗ ಹುಡುಗ್ಯಾರು ನಗೂದೂ ಇಂಗ್ಲಿಷಿನ್ಯಾಗ. ನನ್ನ ಇಂಗ್ಲಿಷು ಅರ್ಧಾ. ಕ್ಲಾಸಿನ್ಯಾಗ ಹೆಂಗರ ಸಾಕಾಗ್ತೈತಿ, ಮೆಸ್ಸಿನ್ಯಾಗ ಸಾಕಾಗೂದಿಲ್ಲ. ಕ್ಲಾಸಿನ್ಯಾಗ ಕೇಳಿದ್ದಕ್ಕ ಉತ್ತರ ಹೇಳಿದ್ರ ಮುಗೀತು. ತಾಟು ಹಿಡಕೊಂಡು ಯಾರ ಬಾಜೂಕ ಕುಂದ್ರಬೇಕು, ಕುಂತು ಏನ್ ಮಾತಾಡಬೇಕು ಅನ್ನೂದು ಯಾವ ಪುಸ್ತಕದಾಗೂ ಬರದಿಲ್ಲ. ಒಂದೊಂದು ದಿನ ಮುಂಜಾನಿಂದ ಸಂಜಿತನಾ "ಪ್ರೆಸೆಂಟ್ ಸರ್" ಅಂದದ್ದು ಬಿಟ್ರ ನನ್ನ ಬಾಯಿಂದ ಮತ್ತೊಂದು ಮಾತು ಬಂದಿರೂದಿಲ್ಲ.

ಆದ್ರ ಅಲ್ಮಾಸ ಅದಾಳ, ನನ್ನ ರೂಮಿನಾಕಿ. ಎರಡನೇ ವರ್ಷದಾಗ ಓದ್ತಾಳ. ಗುಳೇದಗುಡ್ಡದಾಕಿ, ಅವರ ಮನ್ಯಾಗ ಖಣ ನೇಯ್ತಾರ. ಆಕಿಗೆ ಈ ವರ್ಷ ಪೆಥಾಲಜಿ ಅಂತ ವಿಷಯ ಐತಿ. ರೋಗ ಬಂದ್ರ ಮೈಯೊಳಗ ಏನೇನು ಕೆಡತೈತಿ, ಕೆಟ್ಟದ್ದು ಕಣ್ಣಿಗೆ ಹೆಂಗ ಕಾಣತೈತಿ ಅಂತ ಕಲಿಸೂ ವಿದ್ಯೆ ಅದು. ಮನ್ಯಾಗ ಖಣ ಮಡಚಿ ಇಡೂ ರಟ್ಟು ಇರ್ತಾವಲ್ಲ, ಅವನ್ನ ತಂದು ಕತ್ತರಿಸಿ ಚೀಟಿ ಮಾಡ್ಯಾಳ. ಒಂದು ಮಗ್ಗಲಕ ರೋಗದ ಹೆಸರು, ಇನ್ನೊಂದು ಮಗ್ಗಲಕ ಅದರ ಲಕ್ಷಣ. ದಿನಾ ಸಂಜಿಮುಂದ, ಊಟದ ಗಂಟಿ ಹೊಡಿಯೂಕಿಂತ ಮೊದಲ, ನಾ ಚೀಟಿ ಹಿಡಕೊಂಡು ಹೆಸರು ಕೇಳಬೇಕು, ಆಕಿ ಲಕ್ಷಣ ಹೇಳಬೇಕು, ತಪ್ಪಿದ್ರ ನಾ ತಿದ್ದಬೇಕು. ದಿನದಾಗ ನಾ ಬಾಯಿ ತುಂಬ ಮಾತಾಡೂದು ಅಂದ್ರ ಅದೊಂದ ತಾಸು. ಅದೂ ಬರೇ ರೋಗದ ಮಾತು.

ಅದರಿಂದ ಏನಾಗೇತಿ ಕೇಳು, ಅವ್ವಗೂ ಓದಿ ಹೇಳು, ನಗಲಿ. ಯಾವ ಚೀಟಿ ಓದಿದ್ರೂ ಆ ರೋಗ ನನಗ ಬರ್ತೈತಿ. ಮೊದಲ ಥೈರಾಯ್ಡ್ ಗಂಟು ಬಂತು, ಕನ್ನಡಿ ಮುಂದ ನಿಂತು ನೀರು ಗುಟುಕರಿಸಿ ಗುಟುಕರಿಸಿ ಕುತಗಿ ನೋಡಿಕೊಂಡ್ನಿ. ಆಮ್ಯಾಲ ಹೃದಯದ ಕವಾಟ ಕೆಟ್ಟಿತು. ಮತ್ತೊಂದು ದಿನ ಮೂತ್ರಪಿಂಡ, ಮುಂಜಾನೆ ಎದ್ದಾಗ ಕಣ್ಣಿನ ಸುತ್ತ ಬಾತಿತ್ತು. "ಹುಚ್ಚಿ, ಅತ್ತು ಮಲಕೊಂಡ್ರ ಎಲ್ಲಾರ ಕಣ್ಣೂ ಬಾತಿರ್ತಾವ" ಅಂದ್ಲು ಅಲ್ಮಾಸ. (ಈ ಸಾಲು ಅವ್ವಗ ಓದಬ್ಯಾಡ.) ಈಗ ದಿನಾ ರೂಮಿಗೆ ಬಂದಕೂಡ್ಲೆ ಬ್ಯಾಗು ಇಳಿಸಿ ಕೇಳ್ತಾಳ, "ಏನ್ ಪೇಷಂಟಬಾಯಾರ, ಇವತ್ತು ಯಾವ್ದು?"

ಸಂಕ್ರಾಂತಿಗೆ ಬರಾಕ ಆಗೂದಿಲ್ಲ, ಟೆಸ್ಟ್ ಐತಿ. ಸಜ್ಜಿ ರೊಟ್ಟಿ ಬಡಿಯೂ ಮುಂದ ನನ್ನ ಪಾಲಿಂದು ಎಳ್ಳು ಜಾಸ್ತಿ ಹಚ್ಚಿ ಬಡಿ ಅಂತ ಆಯಿಗೆ ಹೇಳು.

ಅಪ್ಪಾ, ಇಲ್ಲಿಂದ ನೀ ಒಬ್ಬನ ಓದು.

ಹೋದ ಬುಧವಾರ ನನ್ನ ಕೈಗೆ ಬಂದ ಚೀಟಿ ಮ್ಯಾಲ ಸಿಲಿಕೋಸಿಸ್ ಅಂತ ಇತ್ತು. ಅಲ್ಮಾಸ ಕಣ್ಣು ಮುಚ್ಚಿ ಪಟಪಟ ಹೇಳಾಕ ಹತ್ತಿದ್ಲು. ಕಲ್ಲಿನ ಧೂಳಿನಿಂದ ಬರೂದು. ಗಣಿಯವರು, ಕಲ್ಲು ಕೊಯ್ಯವರು, ಪಾಲಿಶ್ ಮಾಡವರು. ಹತ್ತಿಪ್ಪತ್ತು ವರ್ಷ ಏನೂ ಗೊತ್ತಾಗೂದಿಲ್ಲ. ಆಮ್ಯಾಲ ಒಣ ಕೆಮ್ಮು, ಏರು ಹತ್ತಿದ್ರ ದಮ್ಮು. ಪುಪ್ಪುಸದ ಮ್ಯಾಲಿನ ಭಾಗದಾಗ ಸಣ್ಣ ಸಣ್ಣ ಗಟ್ಟಿ ಗಂಟು, ಸೂಕ್ಷ್ಮದರ್ಶಕದಾಗ ಇಟ್ಟು ನೋಡಿದ್ರ ಹೆಚ್ಚಿದ ಉಳ್ಳಾಗಡ್ಡಿ ಹಂಗ ಸುತ್ತಿನ ಮ್ಯಾಲ ಸುತ್ತು. ಅಲ್ಲಿಗೆ ಆಕಿಗೆ ತಟ್ಟಂತ ನೆನಪು ನಿಂತಿತು. "ಇನ್ನೊಂದು ಪಾಯಿಂಟ್ ಐತಿ, ಹೇಳಬ್ಯಾಡ, ನೀ ಹೇಳಬ್ಯಾಡ" ಅಂತ ಹಣಿ ಬಡಕೊಂಡ್ಲು. ಇಂಥವರಿಗೆ ಟಿಬಿ ಜಲ್ದಿ ಹತ್ತತೈತಿ ಅನ್ನೂದು ಆ ಪಾಯಿಂಟು. ಅದರ ಕೆಳಗ ಕೆಂಪು ಶಾಯಿಲೆ ಬರದಿದ್ಲು: ಬಂದ ಗಂಟು ಕರಗೂದಿಲ್ಲ. ಧೂಳು ಬಿಡಿಸೂದ ಮೊದಲನೇ ಔಷಧ. ಏನ್ ಕೆಲಸ ಅಂತ ಕೇಳಲಿಲ್ಲಂದ್ರ ಈ ರೋಗ ಸಿಗೂದಿಲ್ಲ.

"ಯಾಕ, ಮಾರಿ ಹಿಂಗ್ಯಾಕ ಮಾಡಿದಿ? ಇದಂತೂ ನಿಂದಲ್ಲ. ನೀ ಯಾವ ಕಲ್ಲು ಕೊಯ್ದಿ?" ಅಂದು ನಕ್ಕಳು. ಆಕಿ ತಪ್ಪಲ್ಲ. ನಮ್ಮಪ್ಪ ರೈತ ಅಂತ ನಾನ ಆಕಿಗೆ ಹೇಳಿದ್ನಿ.

ನಿನ್ನೆ ಆಕಿ ಜೋಡಿ ಪೆಥಾಲಜಿ ಮ್ಯೂಸಿಯಂಗೆ ಹೋಗಿದ್ನಿ. ಉದ್ದನ್ನ ಖೋಲಿ, ಎರಡೂ ಕಡೆ ಗಾಜಿನ ಬರಣಿ, ಒಂದೊಂದ್ರಾಗ ಔಷಧದ ನೀರಿನ್ಯಾಗ ಇಟ್ಟ ಮನುಷ್ಯಾರ ಮೈಯ ಒಂದೊಂದು ಭಾಗ. ಲಕ್ಷ್ಮಪ್ಪ ಅಂತ ಅಟೆಂಡರ್ ಮಾಮಾ ಹಸಿ ಅರಿವಿ ತಗೊಂಡು ಬರಣಿ ಒರಸ್ತಿದ್ರು. "ಫಸ್ಟ್ ಇಯರ್ ಏನವ್ವಾ? ಮುಂದಿನ ವರ್ಷ ಹೆಂಗೂ ಬರಾಕ ಬೇಕು, ಈಗ್ಯಾಕ ಗಡಬಡಿ?" ಅಂದ್ರು. ಕಲ್ಲಿನ ಧೂಳಿಂದು ಐತೇನ್ರಿ ಮಾಮಾ, ಅಂದ್ನಿ. ಮೂರನೇ ಸಾಲಿನ ಕಡೀಕ ಕರಕೊಂಡು ಹೋಗಿ ತೋರಿಸಿದ್ರು. ಕರಿ ಬೂದಿ ಬಣ್ಣದ ಪುಪ್ಪುಸ, ಅದರೊಳಗ ಸಜ್ಜಿ ಕಾಳು ಚೆಲ್ಲಿದಂಗ ಗಂಟು. "ಇದನ್ನ ಕೊಯ್ಯೂ ಮುಂದ ನಾ ಇಲ್ಲೇ ಇದ್ನಿ. ಚಾಕು ಕರ್ ಕರ್ ಅಂತಿತ್ತವ್ವಾ, ಉಸುಕಿನ್ಯಾಗ ಎಳದಂಗ" ಅಂದ್ರು, ಮತ್ತ ಅದರ ಮ್ಯಾಲಿನ ಧೂಳೂ ಒರಸಿದ್ರು. ಬರಣಿಗೆ ಹೆಸರಿಲ್ಲ. ಅಂಟಿಸಿದ ಚೀಟಿ ಮ್ಯಾಲ ಇಷ್ಟ ಇತ್ತು: ಗಂಡಸು, ೪೮, ಕಲ್ಲು ಕೊಯ್ಯೂ ಕೆಲಸ, ೨೨ ವರ್ಷ.

ನಿನಗ ನಾಲ್ವತ್ತೇಳು. ನೀ ಗ್ರಾನೈಟಿನ ಕೆಲಸಕ್ಕ ಹತ್ತಿ ಇಪ್ಪತ್ನಾಕು ವರ್ಷ.

ಅಪ್ಪಾ, ವಸತಿ ಸಾಲಿಗೆ ನೀ ಮೊದಲನೇ ಸಲ ಭೇಟಿಗೆ ಬಂದ ರವಿವಾರ ನೆನಪೈತೇನು? ಪಾಳಿ ಮುಗಿಸಿ ಸೀದಾ ಬಂದಿದ್ದಿ. ಹುಬ್ಬು, ಕೂದಲು, ಕಿವಿ ಎಲ್ಲಾ ಬೆಳ್ಳಗ. ರಿಜಿಸ್ಟರಿನ್ಯಾಗ ಸಹಿ ಮಾಡಿದಿ, ಹಾಳಿ ಮ್ಯಾಲ ನಿನ್ನ ಅಂಗೈ ಬಿಳೇದಾಗಿ ಮೂಡಿತು. ಕೈಯಾಗ ಬಾಳೆಹಣ್ಣಿನ ಚೀಲ ಇತ್ತು. "ನಿಮ್ಮಪ್ಪ ಹಿಟ್ಟಿನ ಗಿರಣ್ಯಾಗ ಬಿದ್ದು ಬಂದಾನೇನ?" ಅಂತ ಒಬ್ಬಾಕಿ ಅಂದ್ಲು, ಎಲ್ಲಾರೂ ನಕ್ಕರು. ದಸರಾ ಸೂಟಿತನಾ ನನ್ನ ಹೆಸರು ಹಿಟ್ಟವ್ವ. ಮುಂದಿನ ಭೇಟಿಗೆ ನಾ ನಿನ್ನ ಕೂಡ ಮಾತಾಡಿದ್ದು ಒಂದ ಮಾತು, "ಇನ್ನ ಬರೂ ಮುಂದ ಜಳಕಾ ಮಾಡಿ ಬಾ." ಅವತ್ತಿಂದ ತಲಿಗೆ ಎಣ್ಣಿ ಹಚ್ಚಿ, ಮದುವಿಗೆ ಹಾಕೂ ನೀಲಿ ಅಂಗಿ ಹಾಕ್ಕೊಂಡು ಬರಾಕ ಹತ್ತಿದಿ. ಮುಂದಿನ ವರ್ಷದ ಫಾರ್ಮಿನ್ಯಾಗ "ತಂದೆಯ ಉದ್ಯೋಗ" ಅಂತ ಇದ್ದಲ್ಲಿ ನಾ ರೈತ ಅಂತ ಬರದ್ನಿ. ನೀ ಬೆರಳಿಟ್ಟು ಓದ್ತಾ ಬಂದಿ, ಆ ಸಾಲಿಗೆ ಬಂದು ಬೆರಳು ನಿಂತಿತು. "ಇರಲಿ ಬಿಡು, ದೀಡ್ ಎಕರೆ ಹೊಲ ಐತೆಲ್ಲ" ಅಂದು ಸಹಿ ಹಾಕಿದಿ. ಆ ದೀಡ್ ಎಕರೆ ಆಗಲೂ ಕಾಕಾನ ಮಾಡ್ತಿದ್ದ, ಈಗಲೂ ಅವನ ಮಾಡ್ತಾನ. ಆಮ್ಯಾಲ ಪ್ರತಿ ವರ್ಷ ರೈತ. ಈ ಕಾಲೇಜಿನ ಫಾರ್ಮಿನ್ಯಾಗೂ ರೈತ.

ಹೋದ ಸೆಪ್ಟೆಂಬರದಾಗ, ನನಗ ಸೀಟು ಸಿಕ್ಕ ವಾರ, ನಿನ್ನ ಕೆಮ್ಮು ತೋರಸಾಕ ಹುನಗುಂದಕ್ಕ ಹೋದ್ವೆಲ್ಲ. ಕಂಪೌಂಡರ್ ಚೀಟಿ ಬರಿತಾ "ಉದ್ಯೋಗ?" ಅಂದ. ನೀ ಬಾಯಿ ತಗಿಯೂದ್ರಾಗ ನಾ ರೈತ ಅಂದುಬಿಟ್ನಿ. ರೂಢಿ ಆಗಿಬಿಟ್ಟಿತ್ತಪ್ಪಾ. ಆ ಡಾಕ್ಟರು ಚೀಟಿ ಓದಿ, ಹೊಲದ ಧೂಳು, ಅಲರ್ಜಿ ಅಂದು ಬಾಟ್ಲಿ ಔಷಧ ಕೊಟ್ರು. ಅವರದೇನೂ ತಪ್ಪಿಲ್ಲ.

ಇವತ್ತು ಮುಂಜಾನೆ ಅಲ್ಮಾಸಗ ಖರೆ ಹೇಳಿದ್ನಿ. ಬೈತಾಳ ಅಂತ ತಿಳದಿದ್ನಿ, ಬೈಲಿಲ್ಲ. ಆ ಚೀಟಿ ನನ್ನ ಕೈಯಿಂದ ತಗೊಂಡು ತನ್ನ ಪುಸ್ತಕದೊಳಗ ಇಟ್ಲು. "ಇದನ್ನ ಇನ್ನ ನಾ ಒಬ್ಬಾಕಿನ ಓದ್ಕೋತೇನಿ" ಅಂದ್ಲು. ನನಗ ಬಂದ ಮೂರೂ ರೋಗ ಸುಳ್ಳಾದ್ವು, ಇದೂ ಸುಳ್ಳ ಇರಬಹುದು. ನಾ ಇನ್ನೂ ಮೊದಲನೇ ವರ್ಷದಾಕಿ, ನನಗೇನೂ ತಿಳಿಯೂದಿಲ್ಲ. ಸುಳ್ಳಾಗಲಿ ಅನ್ನೂದು ಬಿಟ್ಟು ಬುಧವಾರದಿಂದ ಮತ್ತೇನೂ ಬೇಡಿಕೊಂಡಿಲ್ಲ.

ಆಯಿಗೆ ನನ್ನ ನಮಸ್ಕಾರ, ಅವ್ವಗ ಮುದ್ದು. ನಿನ್ನ ಕಾಲಿಗೆ ಇಲ್ಲಿಂದಲೇ ಹಣಿ ಹಚ್ಚೇನಿ.

ನಿನ್ನ ಮಗಳು,
ಭಾಗ್ಯಜ್ಯೋತಿ ಯಮನಪ್ಪ

ತಾ.ಕ.: ಪೋಸ್ಟಿನ ಡಬ್ಬಿ ತಗಿಯೂ ಹೊತ್ತಾತು, ಗಡಬಡಿಲೆ ಬರಿತೇನಿ. ಇಪ್ಪತ್ತನೇ ತಾರೀಖು ಸೋಮವಾರ ಕೆಲಸ ಬಿಟ್ಟು ಮೊದಲನೇ ಬಸ್ಸಿಗೆ ಬಾಗಲಕೋಟೆಗೆ ಬಾ, ಎಕ್ಸ್‌ರೇ ತಗಸೂಣು. ಅಲ್ಲಿತನಾ ನೀರು ಬಿಡಲಾರದ, ಧೂಳು ಎಬ್ಬಸೂ ಮಷಿನ್ ಮುಂದ ನಿಲ್ಲಬ್ಯಾಡ, ಮಾಲಕ ಬೈದ್ರ ಬೈಲಿ. ನೀಲಿ ಅಂಗಿ ಬ್ಯಾಡ, ಕೆಲಸದ ಅಂಗಿನ ಹಾಕ್ಕೊಂಡು ಬಾ, ನಾ ಹಾಸ್ಟೆಲ್ ಗೇಟಿನ್ಯಾಗ ಎಲ್ಲಾರ ಮುಂದ ನಿಂತಿರ್ತೇನಿ. ಇನ್ನೊಂದು. ಹುನಗುಂದದಾಗ ಆ ಡಾಕ್ಟರು ಚೀಟಿ ಓದಿದ ಮ್ಯಾಲೂ ನಿನ್ನ ಒಂದು ಸಲ ಕೇಳಿದ್ರು, "ಏನ್ ಕೆಲಸಾ ಮಾಡ್ತೀರಿ ಯಜಮಾನ್ರ?" ನೀ ಮೊದಲ ನನ್ನ ಮಾರಿ ನೋಡಿದಿ, ಆಮ್ಯಾಲ "ಹೊಲಾ ನೋಡ್ಕೋತೇನ್ರಿ" ಅಂದಿ. ನಾ ಸುಮ್ನ ನಿಂತಿದ್ನಿ. ಇಲ್ಲಿಯವರೂ ಕೇಳ್ತಾರ. ನೀ ನನ್ನ ಮಾರಿ ನೋಡೂದ್ರಾಗ ನಾನ ಹೇಳಿರ್ತೇನಿ, ನಮ್ಮಪ್ಪ ಕಲ್ಲು ಕೊಯ್ತಾನ್ರಿ, ಇಪ್ಪತ್ನಾಕು ವರ್ಷ ಆತು.