ನಾನಿದ್ದಲ್ಲೆಲ್ಲ ಸಿಗ್ನಲ್

ನಮ್ಮನೆ, ಅಡುಗೆಮನೆಯ ಮೇಜು
ಭಾನುವಾರ, ಇಳಿಹೊತ್ತು

ಪ್ರೀತಿಯ ಅಕ್ಕಾ,

ಮೊದಲಿಗೆ ತಪ್ಪೊಪ್ಪಿಗೆ. ಕುರ್ಚಿಯ ಮೇಲೆ ಸ್ಟೂಲ್ ಇಟ್ಟು, ಅಮ್ಮನ ಕಣ್ಣಿಗೆ ಮಣ್ಣೆರಚಿ, ನಿನ್ನ ಕಪಾಟಿನ ನೆತ್ತಿಯಿಂದ ನಿನ್ನ ನೀಲಿ ಬೆನ್ನುಚೀಲವನ್ನು ಅಪಹರಿಸಿದವನು ನಾನೇ. ಕೃತ್ಯವನ್ನು ಪೂರ್ಣ ಪ್ರಜ್ಞೆಯಿಂದ ಎಸಗಿದ್ದೇನೆ. ಪಶ್ಚಾತ್ತಾಪ ಸದ್ಯಕ್ಕಿಲ್ಲ, ಬಂದ ಕೂಡಲೇ ತಿಳಿಸುತ್ತೇನೆ. "ನನ್ನ ಚೀಲ ಮುಟ್ಬೇಡ ಕಣೋ, ಅದ್ರಲ್ಲಿ ಜೇಬಿನೊಳಗೆ ಜೇಬಿದೆ, ಇಟ್ಟಿದ್ದು ನಿಂಗೆ ಸಿಗಲ್ಲ" ಎಂದು ಹೊರಡುವಾಗ ನೀನು ಎಚ್ಚರಿಸಿದ್ದು ಮರೆತಿಲ್ಲ. ಆದರೆ ಸ್ವಂತ ಕಸುಬು ಶುರುಮಾಡಿದ ಮನುಷ್ಯ ತನ್ನ ಮೊದಲ ಗಿರಾಕಿಯ ಬಾಗಿಲಿಗೆ ತರಕಾರಿ ಚೀಲ ಹಿಡಿದು ಹೋಗಲಾದೀತೇ?

ಈಗ ಕುಶಲ. ನಿನ್ನ ಕೆಮ್ಮು ಹೇಗಿದೆ? ಆ ಬೆಟ್ಟದ ಹವಾಮಾನ ಕೇಂದ್ರದಲ್ಲಿ ಎಲ್ಲರ ಚಳಿ ಅಳೆಯುತ್ತ ನಿನ್ನ ಚಳಿ ಮರೆಯಬೇಡ, ಉಣ್ಣೆಯ ಕಾಲುಚೀಲ ಹಾಕಿಕೋ ಎಂದು ಅಮ್ಮ ಬರೆಸುತ್ತಿದ್ದಾಳೆ. ಅಲ್ಲಿ ಫೋನ್ ಕೂಡ ಸಿಗದಿರುವುದು ನನ್ನ ಕಸುಬಿಗೇ ಅವಮಾನ. ಕಂಡವರಿಗೆಲ್ಲ ವೈಫೈ ಹಂಚುವವನ ಒಡಹುಟ್ಟಿದವಳಿಗೆ ಅಂಚೆಯೇ ಗತಿ!

ಇನ್ನು ಸುದ್ದಿ. ಅಕ್ಕಾ, ನಿನ್ನ ತಮ್ಮ ಗೆದ್ದ! ಮೊದಲ ಗಿರಾಕಿ ಒಂದು ಚಪ್ಪಲಿ ಗೋದಾಮು. ಒಳಗೆ ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಪೆಟ್ಟಿಗೆಗಳು. ಕೆಲಸದವರು ಕೈಯಲ್ಲಿ ಸ್ಕ್ಯಾನರ್ ಹಿಡಿದು ಪೆಟ್ಟಿಗೆಯ ಚೀಟಿ ಓದಿಸಿದರೆ ಲೆಕ್ಕ ವೈಫೈ ಹತ್ತಿ ಆಫೀಸಿನ ಕಂಪ್ಯೂಟರಿಗೆ ಹೋಗಬೇಕು. ನಾನು ಹೋಗುವ ಮುನ್ನ ಅದು ಹೋಗುತ್ತಿರಲಿಲ್ಲ. ಪಾಪದವರು ಸ್ಕ್ಯಾನರ್ ಎತ್ತಿಹಿಡಿದು, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಮಕ್ಕಳಂತೆ, ಕಿಟಕಿಯತ್ತ ಓಡುತ್ತಿದ್ದರು. ಇನ್ನು ಭದ್ರತೆ ಕೇಳಬೇಡ. ಪಾಸ್‌ವರ್ಡನ್ನು ಗಡಿಯಾರದ ಕೆಳಗೆ ದೊಡ್ಡಕ್ಷರದಲ್ಲಿ ಅಂಟಿಸಿದ್ದರು, ಪಕ್ಕದ ದರ್ಜಿಯ ಮನೆಮಂದಿಯೆಲ್ಲ ಅದರಲ್ಲೇ ಸಿನಿಮಾ ನೋಡುತ್ತಿದ್ದರು. ಅದು ಪಾಸ್‌ವರ್ಡ್ ಅಲ್ಲ ಸ್ವಾಮಿ, ಎಲ್ಲರನ್ನೂ ಪಾಸ್ ಮಾಡುವ ವರ್ಡ್ ಎಂದೆ. ಯಜಮಾನರು ನಗಲಿಲ್ಲ, ಆದರೆ ಚೀಟಿ ಕಿತ್ತರು. ಈಗ ವೈಫೈಯಲ್ಲಿ ಕೆಲಸದವರಿಗೊಂದು ದಾರಿ, ಬಂದುಹೋಗುವವರಿಗೊಂದು ದಾರಿ. ದರ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ನನಗಿಂತ ಮೊದಲು ಬಂದಿದ್ದ ದೊಡ್ಡ ಕಂಪನಿಯವರು ಗೋಡೆಗೆ ಒಂಬತ್ತು ವೈಫೈ ಡಬ್ಬಿ ಬೇಕೆಂದಿದ್ದರಂತೆ. ನಾನು ಮೊದಲು ಐದನ್ನು ಹಾಕಿ, ಫೋನ್ ಹಿಡಿದು ಸಾಲುಸಾಲಾಗಿ ನಡೆದು ಸಿಗ್ನಲ್ ಅಳೆದೆ. ಮೂಲೆ, ಮೆಟ್ಟಿಲಡಿ, ಬಚ್ಚಲು, ಎಲ್ಲೆಲ್ಲೂ ಭರ್ಜರಿ! ಚಿಕ್ಕಂದಿನಲ್ಲಿ ನಾನು ನಿನ್ನ ಹಿಂದೆ ಅಲೆಯುತ್ತಿದ್ದೆನಲ್ಲ, ಹಾಗೆ ಸಿಗ್ನಲ್ ನನ್ನ ಹಿಂದೆ ಹಿಂದೆಯೇ ಬಂತು. ಐದೇ ಸಾಕು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಟ್ಟೆ. "ಐದ್ರಲ್ಲಿ ಮುಗಿಸಿದ್ರೆ ನಮ್ಮ ಉಳಿದ ಗೋದಾಮುಗಳೂ ನಿಮ್ದೇ ಕಣ್ರೀ" ಎಂದರು ಯಜಮಾನರು. ನಾಳೆ ಬೆಳಿಗ್ಗೆ ಪಾಲುದಾರರನ್ನೆಲ್ಲ ಕರೆತಂದು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ನಿನ್ನ ತಮ್ಮ ಬಾಡಿಗೆಯ ಏಣಿ ಬಿಟ್ಟು ಸ್ವಂತ ಏಣಿ ಹತ್ತುತ್ತಾನೆ!

ಒಂದೇ ತಕರಾರು, ಅದೂ ಜನರದ್ದು, ಯಂತ್ರದ್ದಲ್ಲ. ಹಿಂದಿನ ಸಾಲುಗಳಲ್ಲಿ ಸ್ಕ್ಯಾನರ್ ಸತ್ತುಹೋಗುತ್ತದೆ ಎಂದು ಗೋದಾಮಿನ ಮೇಡಮ್ ವಾರವೆಲ್ಲ ಫೋನ್ ಮಾಡಿದರು. ನಾನು ಚೀಲ ಬೆನ್ನಿಗೇರಿಸಿ ಓಡಿದರೆ ಅಲ್ಲಿ ಏನೂ ಆಗಿರುವುದಿಲ್ಲ! ಹೆಡ್‌ಮಾಸ್ಟರ್ ಒಳಬಂದೊಡನೆ ತರಗತಿ ತೆಪ್ಪಗಾಗುವಂತೆ ಸ್ಕ್ಯಾನರ್‌ಗಳು ಕೈಕಟ್ಟಿ ಕೆಲಸ ಮಾಡುತ್ತವೆ. "ನೀವು ಬಂದ್ರೆ ನಡೆಯುತ್ತೆ, ಬಾಗಿಲು ದಾಟಿದ್ರೆ ನಿಲ್ಲುತ್ತೆ. ನಿಮ್ಮನ್ನೇ ಈ ಕಂಬಕ್ಕೆ ಕಟ್ಹಾಕಿಬಿಡ್ಲಾ ಸಾರ್?" ಎಂದು ಆಕೆ ಎಲ್ಲರ ಮುಂದೆ ಕೇಳಿದರು. ಸ್ಕ್ಯಾನರ್ ಹಿಡಿಯುವುದಕ್ಕೂ ಒಂದು ಹದವಿದೆ ಮೇಡಮ್ ಎಂದು ಗಂಭೀರವಾಗಿ ಪಾಠ ಹೇಳಿ ಬಂದೆ. ಅನುಭವ ಎಂದರೆ ಇದೇ ನೋಡು.

ಇನ್ನೊಂದು ಸಣ್ಣ ನಷ್ಟ. ಪಕ್ಕದ ಡಬ್ಬಿಯಿಂದ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪುಟಾಣಿ ಡಬ್ಬಿಯೊಂದನ್ನು ಮೊದಲ ದಿನ ಪ್ರಯೋಗಕ್ಕೆಂದು ಒಯ್ದಿದ್ದೆ. ಅದರ ಅಗತ್ಯವೇ ಬೀಳಲಿಲ್ಲ, ಆಮೇಲೆ ಕಾಣೆಯೂ ಆಯಿತು. ಗೇಟಿನ ಕಾವಲುಗಾರನ ಮೇಲೆ ನನಗೆ ಅನುಮಾನ. ಅದಿರಲಿ, ನಿನ್ನ ಚೀಲಕ್ಕೆ ನೂರು ಅಂಕ. ಅದರಲ್ಲೇ ಬ್ಯಾಟರಿ ಇರುವುದು ಎಂಥ ಅನುಕೂಲ! ರಾತ್ರಿ ಹೊರಗಿನ ತೂತಿಗೆ ಚಾರ್ಜರ್ ಸಿಕ್ಕಿಸಿಟ್ಟರೆ ದಿನವಿಡೀ ನನ್ನ ಫೋನಿಗೆ ಊಟ. ಬೆನ್ನಿಗೂ ಹಾಯಾಗಿ ಬೆಚ್ಚಗಿರುತ್ತದೆ, ಒಳ್ಳೆಯ ಬಟ್ಟೆ. ಆದರೆ ನಾಳೆ ಇಸ್ತ್ರಿ ಅಂಗಿ ತೊಟ್ಟು ಬರಿಗೈಲಿ ಹೋಗುವ ಯೋಚನೆ, ದೊಡ್ಡವರು ಹೊರೆ ಹೊರುವುದಿಲ್ಲ. ಚೀಲವನ್ನು ಈಗಲೇ ಅಮ್ಮನ ಕೈಲಿ ಒಗೆಸಿ, ಸಾಕ್ಷ್ಯ ನಾಶಮಾಡಿ, ಕಪಾಟಿನ ಮೇಲಿಡುತ್ತೇನೆ. ನೀನು ಬಂದಾಗ ಏನೂ ನಡೆದೇ ಇಲ್ಲ ಎಂಬಂತೆ ಇಬ್ಬರೂ ಇರೋಣ.

ಅಮ್ಮನ ಆಶೀರ್ವಾದಗಳೂ ಕಾಲುಚೀಲದ ಆಜ್ಞೆಯೂ ಇದರೊಡನೆ ಬರುತ್ತಿವೆ. ಬೆಟ್ಟ ಇಳಿಯುವಾಗ ಹುಷಾರು.

ನಿನ್ನ ಪ್ರೀತಿಯ
ಬಾಲ
(ನೀನಿಟ್ಟ ಹೆಸರು, ಈಗ ಉದ್ಯಮಿ)

ತಾ.ಕ.: ಅಕ್ಕಾ, ಬಕೆಟ್ಟಿಗೆ ಅದ್ದುವ ಮುನ್ನ ಬ್ಯಾಟರಿ ತೆಗೆಯಲೆಂದು ಅಮ್ಮ ಚೀಲದ ಒಳಜೇಬಿನ ಒಳಜೇಬಿಗೆ ಕೈಹಾಕಿ, "ಏನೋ ಇದು, ಬೆಚ್ಚಗಿದೆ, ಮಿಣುಕ್ ಮಿಣುಕ್ ಅಂತಿದೆ?" ಎಂದಳು. ಅದೇ ಪುಟಾಣಿ ಡಬ್ಬಿ. ಮೊದಲ ದಿನ ನಾನೇ ಬ್ಯಾಟರಿಗೆ ಸಿಕ್ಕಿಸಿ ಒಳಗಿಟ್ಟಿದ್ದು, ಅಂದಿನಿಂದ ಉರಿಯುತ್ತಲೇ ಇದೆ. ಇಷ್ಟು ದಿನ ನಾನು ಅಳೆದದ್ದು ಗೋದಾಮಿನ ಸಿಗ್ನಲ್ ಅಲ್ಲ, ನನ್ನ ಬೆನ್ನಿನದು. ನಾಳೆ ಚೀಲವನ್ನೇ ಹೊತ್ತು ಪಾಸಾಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂಬತ್ತೇ ಬೇಕು ಎಂದು ಪಾಲುದಾರರ ಮುಂದೆ ನಾನೇ ಹೇಳುತ್ತೇನೆ. ಅದಕ್ಕೂ ಮೊದಲು ಕಾವಲುಗಾರನಲ್ಲಿ ಕ್ಷಮೆ ಕೇಳಬೇಕು. ಆಮೇಲೆ ಮೇಡಮ್ ಮುಂದೆ ಒಪ್ಪಿಕೊಳ್ಳಬೇಕು: ನೀವು ಹೇಳಿದ ರಿಪೇರಿಯೇ ಸರಿ ಇತ್ತು, ನನ್ನನ್ನು ಆ ಕಂಬಕ್ಕೆ ಕಟ್ಟಬೇಕಿತ್ತು, ಅಕ್ಕನ ಚೀಲ ಸಮೇತ.